ಕೊಡಗಿನ ಕಕ್ಕಬ್ಬೆಯ ಮಳೆಗೆ ಮಣ್ಣಿನ ಬ್ಲಾಕ್ ಮನೆ ತಡೆಯುತ್ತಾ?

ಕಕ್ಕಬ್ಬೆ ತೋಟ:
ತೋಟದೊಳಗೆ ಸಣ್ಣ ಮನೆ ಕಟ್ಟಬೇಕು. ಬೆಂಗಳೂರಿನ ಬಯೋಮ್ ಎಂಬ ವಾಸ್ತುಶಿಲ್ಪ ಸಂಸ್ಥೆಯವರು ಮಣ್ಣಿನ ಬ್ಲಾಕಿನಲ್ಲಿ ಕಟ್ಟಿದ ಮನೆಗಳನ್ನು ನೋಡಿದ ಮೇಲೆ ಬೇರೆ ಯಾವುದೂ ಹಿಡಿಸುತ್ತಿಲ್ಲ. ನಮ್ಮ ಮೇಸ್ತ್ರಿ "ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಕರಗಿ ಹೋಗ್ತದೆ" ಅಂತಾರೆ. ಮಣ್ಣು ಹಿಂದಿನ ಬರೆಯಿಂದಲೇ, ಅಂದರೆ ಗುಡ್ಡದ ಇಳಿಜಾರಿನಿಂದಲೇ, ತೆಗೆಯಬಹುದಾ?

ಗೋಣಿಕೊಪ್ಪ:
ನಮ್ಮ ಐನ್‌ಮನೆಯ (ಕುಟುಂಬದ ಹಳೆಯ ಮೂಲಮನೆ) ಗೋಡೆ ಮಣ್ಣಿನದೇ. ಹೆಂಚು ಒಡೆದಾಗ ಕೂಡಲೇ ಬದಲಾಯಿಸ್ತೇವೆ, ಅಷ್ಟೇ. ಗಟ್ಟಿಯಾಗಿದೆ.

ಮಡಿಕೇರಿ ಸಿವಿಲ್:
ಅಣ್ಣ, ದಯವಿಟ್ಟು ಬರೆಗೆ ಕೈ ಹಾಕಬೇಡಿ. ಬಯೋಮ್‌ನ ಚಿತ್ರಾ ವಿಶ್ವನಾಥ್ ಅವರು ಎಷ್ಟೋ ಕಡೆ ನೆಲಮಾಳಿಗೆಗೆ ಅಗೆದ ಮಣ್ಣನ್ನೇ ಬ್ಲಾಕ್ ಮಾಡಿಸ್ತಾರೆ. ಲಾರಿಯಲ್ಲಿ ತರೋದೂ ಇಲ್ಲ, ಸುಡೋದೂ ಇಲ್ಲ. ಒಳ್ಳೆಯ ಕ್ರಮವೇ, ಆದರೆ ಅದು ಬೆಂಗಳೂರಿನ ಸಮನೆಲಕ್ಕೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದು ನಾವೆಲ್ಲ ನೋಡಿದ್ದೇವೆ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ನೀರು ಇಂಗಿದಾಗ ಭಾರಕ್ಕೆ ಇಳಿದುಬಿಡುತ್ತದೆ.

ಮಣ್ಣು ಅಡಿಪಾಯದ ಗುಂಡಿಯಲ್ಲಿ ಸಿಗ್ತದೆ. ಕಾಫಿಗೆ ನೀರು ಹಾಯಿಸೋಕೆ ಹೊಸ ಕೆರೆ ತೋಡಿಸುವುದಿದ್ದರೆ ಇನ್ನೂ ಒಳ್ಳೆಯದು. ಮೇಲಿನ ಕಪ್ಪು ಮಣ್ಣನ್ನು ನರ್ಸರಿಗೆ ಇಟ್ಟುಕೊಳ್ಳಿ, ಬ್ಲಾಕಿಗೆ ಅದರ ಕೆಳಗಿನ ಕೆಂಪು ಮಣ್ಣು. ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕಲಕಿ, ಒಂದು ರಾತ್ರಿ ಬಿಡಿ. ಮರಳು ತಳಕ್ಕೆ, ಜೇಡಿ ಮೇಲೆ ನಿಲ್ಲುತ್ತದೆ. ಜೇಡಿ ಜಾಸ್ತಿ ಇದ್ದರೆ ಕಲ್ಲುಪುಡಿ ಬೆರೆಸಬೇಕು. ಸಾಮಾನ್ಯವಾಗಿ ಸಿಮೆಂಟ್ 5ರಿಂದ 8 ಶೇಕಡಾ ಸಾಕು.

ಮೇಸ್ತ್ರಿಯವರ ಭಯ ಸುಳ್ಳಲ್ಲ. ಸಿಮೆಂಟ್ ಬೆರೆಸಿ ಒತ್ತಿದ ಬ್ಲಾಕ್ ಹಸಿಮಣ್ಣಿನ ಹಾಗೆ ಕರಗೋದಿಲ್ಲ, ಆದರೆ ತಿಂಗಳುಗಟ್ಟಲೆ ನೆನೆಯೋಕೆ ಬಿಡಬಾರದು. ತಳಪಾಯ ನೆಲದಿಂದ ಎರಡಡಿ ಕಲ್ಲಿನದೇ ಆಗಲಿ, ಸೂರು ಗೋಡೆಯಿಂದಾಚೆ ಮೂರಡಿಗಿಂತ ಕಡಿಮೆ ಬೇಡ. ಗಾಳಿಮಳೆ ಹೊಡೆಯುವ ಪಶ್ಚಿಮಕ್ಕೆ ಜಗಲಿ ಬರಲಿ. ನಕ್ಷೆ ಮಾಡುವವರು ಬೆಂಗಳೂರಿನವರಾದರೆ ಜುಲೈನಲ್ಲಿ ಒಮ್ಮೆ ಕರೆಸಿ, ಜಾಗ ತೋರಿಸಿ. ಇದೊಂದು ನನ್ನ ಹಠ.

ಕಕ್ಕಬ್ಬೆ ತೋಟ:
ತುಂಬಾ ಉಪಕಾರ. ಬರೆ ಬಿಟ್ಟೆವು, ಕೆರೆ ಹೇಗೂ ತೋಡಿಸಬೇಕು. ಬ್ಲಾಕ್ ಯಾವಾಗ ಮಾಡಿಸೋದು?

ಮಡಿಕೇರಿ ಸಿವಿಲ್:
ಆಳು ಸಿಕ್ಕರೆ ಡಿಸೆಂಬರ್‌ನಲ್ಲೇ ಮಾಡಿಸಿ. ಮೂರು ವಾರ ನೀರುಣಿಸಿ, ಆಮೇಲೆ ಒಣಗಿಸಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಹೊತ್ತಿಗೆ ಬ್ಲಾಕ್ ಟಾರ್ಪಾಲಿನ ಕೆಳಗಿರಲಿ, ಮೇ ಕೊನೆಗೆ ಹೆಂಚು ಏರಿರಲಿ. ಬಾಟಲಿಯ ಫೋಟೊ ಹಾಕಿ, ನೋಡಿ ಹೇಳ್ತೇನೆ.