ವಾಕಿಂಗ್‌ಗೆ ಜೊತೆ ಬೇಕಾ, ಒಬ್ಬಳೇ ಹೋಗಲಾ?

ಪ್ರಶ್ನೆ
ನಮಸ್ಕಾರ. ನನಗೆ 44 ವರ್ಷ, ಮೈಸೂರಿನ ಸರಸ್ವತಿಪುರಂ. ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಇನ್ನೂ ಇಲ್ಲ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಮೂರು ಸಲ ಶುರು ಮಾಡಿದೆ, ಮೂರು ಸಲವೂ ವಾರದೊಳಗೆ ನಿಂತುಹೋಯಿತು. ಈಗ ಎದುರುಮನೆ ಅಕ್ಕ ಕುಕ್ಕರಹಳ್ಳಿ ಕೆರೆಗೆ ನಾನೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ 58. ನಡಿಗೆ ನಿಧಾನ, ಮಾತು ಜಾಸ್ತಿ. ಅವರ ಜೊತೆ ಹೋದರೆ ನನಗೆ ವ್ಯಾಯಾಮ ಆಗುತ್ತಾ?

ಬೆಟ್ಟದ ಮೆಟ್ಟಿಲು
ಜೊತೆಗೇ ಹೋಗಿ ತಂಗಿ. ನಾನು ಆರು ವರ್ಷದಿಂದ ಗೆಳತಿಯ ಜೊತೆ ಚಾಮುಂಡಿ ಬೆಟ್ಟ ಹತ್ತುತ್ತಿದ್ದೇನೆ, ವಾರಕ್ಕೆರಡು ದಿನ. ಅದಕ್ಕೂ ಮುಂಚೆ ನನ್ನದೂ ನಿಮ್ಮ ಕಥೆಯೇ.

ಬೆಳಿಗ್ಗೆ ಐದೂವರೆಗೆ ಅವಳು ಬೆಟ್ಟದ ಪಾದದ ಹತ್ತಿರ ನಿಂತಿರುತ್ತಾಳೆ. ಇವತ್ತು ಬೇಡ ಅನ್ನಿಸಿದಾಗ ನನಗೆ ಶುಗರ್ ನೆನಪಾಗುವುದಿಲ್ಲ. ಚಳಿಯಲ್ಲಿ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ದಾರಿ ನೋಡುತ್ತಿರುವ ಅವಳು ನೆನಪಾಗುತ್ತಾಳೆ. ಎದ್ದು ಶೂ ಹಾಕುತ್ತೇನೆ.

ಒಂದು ದಿನ ಮೆಟ್ಟಿಲು ದಾರಿಯ ನಂದಿ ವಿಗ್ರಹದ ಹತ್ತಿರ ಕೂತಿದ್ದೆವು. ಅವಳು ನನ್ನ ಕೈ ಹಿಡಿದು, "ಏನೇ, ಕೈ ನಡುಗ್ತಿದೆ, ಇಷ್ಟು ತಣ್ಣಗಿದೆ!" ಅಂದಳು. ನನಗೆ ಗೊತ್ತೇ ಆಗಿರಲಿಲ್ಲ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಹೊರಟಿದ್ದೆ, ಶುಗರ್ ತೀರಾ ಇಳಿದಿತ್ತು. ಬ್ಯಾಗಿನಿಂದ ಗ್ಲೂಕೋಸ್ ಪುಡಿ ತೆಗೆದು, ಬಾಟಲಿ ನೀರಿಗೆ ಹಾಕಿ ಕುಲುಕಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಸರಿಯಾದೆ. ಒಬ್ಬಳೇ ಇದ್ದಿದ್ದರೆ ಉಳಿದ ಮುನ್ನೂರು ಮೆಟ್ಟಿಲನ್ನೂ ಹತ್ತಲು ಹೋಗುತ್ತಿದ್ದೆ. ಆಮೇಲೆ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಹೊತ್ತು ಬದಲಾಯಿಸಿಕೊಂಡೆ.

ಇನ್ನು ವೇಗ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಿದ್ದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಎನ್ನುವುದೂ ಇಂಥ ನಡಿಗೆಗೇ. ಮೊದಲ ಹತ್ತು ನಿಮಿಷ ಅಕ್ಕನ ಜೊತೆ ಹೋಗಿ. ಆಮೇಲೆ ನೀವು ಬಿರುಸಾಗಿ ಮುಂದೆ ಹೋಗಿ, ತಿರುಗಿ ಬಂದು ಅವರನ್ನು ಸೇರಿಕೊಳ್ಳಿ. ಹೀಗೆ ನಾಲ್ಕೈದು ಸಲ. ಅವರನ್ನು ಮಾತ್ರ ಅವಸರ ಮಾಡಬೇಡಿ.

ಜಿಮ್ ಹುಡುಗ
ಮೇಡಂ, ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡುವಾಗ ಒಮ್ಮೆ ಬಾರ್ ನನ್ನ ಎದೆ ಮೇಲೇ ಕೂತುಬಿಟ್ಟಿತು. ತಲೆ ಹತ್ತಿರ ನಿಂತಿದ್ದ ಗೆಳೆಯ ಎರಡೂ ಕೈಲಿ ಎಳೆದು ರ‍್ಯಾಕ್‌ಗೆ ಇಟ್ಟ. ಅವತ್ತಿಂದ ಒಬ್ಬನೇ ಭಾರ ಎತ್ತಿಲ್ಲ.

1920ರ ದಶಕದಲ್ಲಿ ಓಟ್ಟೊ ಕೋಲರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಸ್ಪರ್ಧಿಗಳಿಗೆ ಜೊತೆಯಾಗಿ ಭಾರ ಎತ್ತಿಸಿ ನೋಡಿದ್ದರು. ಜೋಡಿಯಲ್ಲಿ ಶಕ್ತಿ ಕಡಿಮೆ ಇದ್ದವನು ಒಬ್ಬನೇ ಇದ್ದಾಗಿನದಕ್ಕಿಂತ ಜಾಸ್ತಿ ಹೊತ್ತು ತಡೆದುಕೊಂಡ. ಇಬ್ಬರ ನಡುವೆ ಅಂತರ ತೀರಾ ಜಾಸ್ತಿ ಇದ್ದರೆ ಮಾತ್ರ ಅಷ್ಟು ಫಲ ಇಲ್ಲ. ಹಾಗಾಗಿ ನಿಮ್ಮಿಂದ ಆ ಆಂಟಿಗೂ ಲಾಭ ಇದೆ.

ಕೆರೆ ಏರಿ
ಒಂದು ಮಾತು ಮೊದಲೇ ಆಡಿಕೊಳ್ಳಿ. ಒಬ್ಬರು ಊರಿಗೆ ಹೋದರೂ ಇನ್ನೊಬ್ಬರು ನಡೆಯಬೇಕು. ನನ್ನ ಜೊತೆಗಾರರು ಮಗಳ ಬಾಣಂತನಕ್ಕೆ ಹೋದರು, ನಾನು ಐದು ತಿಂಗಳು ಮನೆಯಲ್ಲೇ ಕೂತೆ. ಆ ಐದು ತಿಂಗಳು ಈಗಲೂ ಬೇಜಾರು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಅಕ್ಕನ ಮನೆಗೆ ಹೋಗಿ ಬಂದೆ. ಸೋಮವಾರ ಐದೂಮುಕ್ಕಾಲಿಗೆ ಹೊರಡುತ್ತೇವೆ. ಅವರು ನಾಲ್ಕು ವರ್ಷದಿಂದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಂತೆ. ಎದುರುಮನೆಯಲ್ಲೇ ಇದ್ದೂ ನನಗೆ ಇವತ್ತು ಗೊತ್ತಾಯಿತು. ಬರುವಾಗ ಮೆಡಿಕಲ್‌ನಿಂದ ಗ್ಲೂಕೋಸ್ ಪೊಟ್ಟಣ ತಂದು ಶೂ ಪಕ್ಕ ಇಟ್ಟಿದ್ದೇನೆ.