ಹೇರ್‌ಕ್ಯಾಸಲ್ ಸುರಂಗ ದಾಟುವುದು: ಅನುಭವ ಹಂಚಿಕೆ

ಪ್ರಶ್ನೆ: ಮುಂದಿನ ತಿಂಗಳು ಬಾಡಿಗೆಯ ನ್ಯಾರೋಬೋಟ್‌ನಲ್ಲಿ (ಕಾಲುವೆಗಳಿಗೆಂದೇ ಮಾಡಿದ ಉದ್ದನೆಯ, ಕಿರಿದಾದ ದೋಣಿ) ಇಂಗ್ಲೆಂಡಿನ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಮೇಲೆ ಕಿಡ್ಸ್‌ಗ್ರೋವ್‌ನಿಂದ ಸ್ಟೋಕ್ ಕಡೆಗೆ ಹೋಗಲಿದ್ದೇವೆ. ದಾರಿಯಲ್ಲಿ ಕಾಲುವೆ ಹಾದುಹೋಗುವ ಹೇರ್‌ಕ್ಯಾಸಲ್ ಸುರಂಗ ಬಹಳ ತಗ್ಗು ಎಂದು ಕೇಳಿದ್ದೇನೆ. ಚುಕ್ಕಾಣಿ ಹಿಡಿಯುವವನು ನಾನು, ಎತ್ತರ ಆರಡಿ. ಊರಿನಿಂದ ಬಂದಿರುವ ಅಪ್ಪ, ಅಮ್ಮ ಜೊತೆಗಿರುತ್ತಾರೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಧಾರಾಳವಾಗಿ ಹೋಗಬಹುದು, ಆದರೆ ಸಿದ್ಧತೆಯೆಲ್ಲ ಒಳಗೆ ಹೋಗುವ ಮೊದಲೇ ಮುಗಿದಿರಬೇಕು. ಥಾಮಸ್ ಟೆಲ್‌ಫೋರ್ಡ್ ಕಟ್ಟಿಸಿ 1827ರಲ್ಲಿ ತೆರೆದ ಈ ಸುರಂಗದ ಉದ್ದ ಸುಮಾರು 2,676 ಮೀಟರ್. ದಾಟಲು ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳಿ. ಗಣಿಗಾರಿಕೆಯಿಂದ ನೆಲ ಕುಸಿದು ನಡುಭಾಗದ ಚಾವಣಿ ತಗ್ಗಿದೆ, ಅಲ್ಲಿ ನೀರಿನಿಂದ ಸುಮಾರು 1.75 ಮೀಟರ್ ಮಾತ್ರ ಎತ್ತರವಿದೆ. ಪ್ರವೇಶದ ಬಳಿ ಚಾವಣಿ ಎತ್ತರವಾಗಿ ಕಾಣುವುದರಿಂದ ಹೊಸಬರಿಗೆ ಧೈರ್ಯ ಬಂದುಬಿಡುತ್ತದೆ, ಅದನ್ನು ನಂಬಬೇಡಿ. ನೀವು ಆರಡಿಯವರಾದ್ದರಿಂದ ಮೊಣಕಾಲು ಬಗ್ಗಿಸಿ ನಿಲ್ಲುವ ಭಂಗಿಯನ್ನು ಹೊರಗಿರುವಾಗಲೇ ಅಭ್ಯಾಸ ಮಾಡಿಕೊಳ್ಳಿ.

ತಲೆ ತಪ್ಪಿಸಲು ಬಗ್ಗುವಾಗ ಕೈ ತಾನಾಗಿ ಚುಕ್ಕಾಣಿಯನ್ನು ಒಂದು ಕಡೆಗೆ ತಳ್ಳುತ್ತದೆ. ಕಮಾನು ಮೇಲೆ ಹೋದಂತೆ ಕಿರಿದಾಗುವುದರಿಂದ, ದೋಣಿ ಸ್ವಲ್ಪ ಪಕ್ಕಕ್ಕೆ ಸರಿದರೂ ಮೊದಲು ಉಜ್ಜುವುದು ಕ್ಯಾಬಿನ್ನಿನ ಮೇಲಂಚು. ಆಗ ಗೋಡೆಗೆ ಕೈಯನ್ನೋ ಕಾಲನ್ನೋ ಕೊಟ್ಟು ತಳ್ಳಲು ಯಾರೂ ಹೋಗಕೂಡದು, ಏಕೆಂದರೆ ಹಲವು ಟನ್ ತೂಕದ ಉಕ್ಕಿನ ದೋಣಿಗೂ ಇಟ್ಟಿಗೆಗೂ ನಡುವೆ ಸಿಕ್ಕಿಬಿದ್ದ ಕೈ ಉಳಿಯುವುದಿಲ್ಲ. ಎಂಜಿನ್‌ನ ವೇಗವನ್ನು ಸಮನಾಗಿಟ್ಟು, ಚುಕ್ಕಾಣಿಯನ್ನು ಎಳ್ಳಷ್ಟೇ ತಿರುಗಿಸಿ ಕಾದು ನೋಡಿ. ತೀರ ನಿಧಾನ ಮಾಡಿದರೆ ದೋಣಿ ಚುಕ್ಕಾಣಿಯ ಮಾತು ಕೇಳುವುದಿಲ್ಲ.

ಮುಂದೀಪ ನೇರವಾಗಿ ನೀರಿನ ಮೇಲೆ ಬೀಳದೆ ತುಸು ಮೇಲಕ್ಕೆ ತಿರುಗಿರಲಿ. ಕ್ಯಾಬಿನ್ನಿನ ಒಳಗಿನ ದೀಪಗಳನ್ನೂ ಹಾಕಿ, ಪರದೆ ಸರಿಸಿಡಿ. ಕಿಟಕಿಗಳಿಂದ ಬೀಳುವ ಬೆಳಕು ಎರಡೂ ಗೋಡೆಗಳನ್ನು ತೋರಿಸುತ್ತಾ ಹೋಗುವುದರಿಂದ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ, ನನ್ನ ಮಟ್ಟಿಗೆ ಮುಂದೀಪಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಚಾವಣಿಯ ಮೇಲಿನ ಹೊಗೆಕೊಳವೆ, ಹೂಕುಂಡ, ಸೈಕಲ್ಲುಗಳನ್ನು ಇಳಿಸಿಡಿ.

ಉತ್ತರ 2: ಅಪ್ಪ ಅಮ್ಮನವರ ವಿಷಯಕ್ಕೆ ಬರುತ್ತೇನೆ. ಅವರು ಲೈಫ್ ಜಾಕೆಟ್ ತೊಟ್ಟು ಒಳಗೆ ಕುಳಿತಿರುವುದೇ ಕ್ಷೇಮ. ಒಲೆ, ಸಿಗರೇಟು, ಬೆಂಕಿಯ ಕಿಡಿ ಎಲ್ಲವನ್ನೂ ಆರಿಸಿರಬೇಕು. ಕಿಡ್ಸ್‌ಗ್ರೋವ್ ಬಳಿ ನೀರು ಕಿತ್ತಳೆ ಬಣ್ಣಕ್ಕಿರುತ್ತದೆ, ಅದು ಕಬ್ಬಿಣದ ಅದಿರಿನಿಂದ ಬಂದದ್ದು, ಅವರು ಗಾಬರಿಯಾಗಬೇಕಿಲ್ಲ. ಅಲ್ಲಲ್ಲಿ ಚಾವಣಿಯಿಂದ ತಣ್ಣನೆಯ ನೀರು ಕತ್ತಿನ ಮೇಲೆ ತೊಟ್ಟಿಕ್ಕುವುದರಿಂದ ನೀವು ಮಳೆಯಂಗಿ ತೊಟ್ಟಿರಿ.

ಮೊದಲೇ ಹೇಳಿಡಬೇಕಾದ ಇನ್ನೊಂದು ಸಂಗತಿಯಿದೆ. ನೀವು ದಕ್ಷಿಣಕ್ಕೆ ಹೋಗುವವರು. ಡೀಸೆಲ್ ಹೊಗೆಯನ್ನು ಎಳೆದು ಹಾಕುವ ದೊಡ್ಡ ಫ್ಯಾನುಗಳು ಸುರಂಗದ ದಕ್ಷಿಣ ತುದಿಯಲ್ಲಿವೆ, ಅವು ಕೆಲಸ ಮಾಡಲೆಂದು ಅಲ್ಲಿನ ಬಾಗಿಲನ್ನು ಮುಚ್ಚಿರುತ್ತಾರೆ. ಹಾಗಾಗಿ ಕೊನೆಯಲ್ಲಿ ಹಗಲಿನ ಬೆಳಕು ಕಾಣುವುದಿಲ್ಲ, ಫ್ಯಾನಿನ ಮೊರೆತ ಮಾತ್ರ ಹತ್ತಿರವಾಗುತ್ತಾ ಬರುತ್ತದೆ. ನೀವು ಸಮೀಪಿಸಿದಾಗ ಸಿಬ್ಬಂದಿ ಬಾಗಿಲು ತೆರೆಯುತ್ತಾರೆ. ಇದು ತಿಳಿಯದೆ ಹೋದವರು ಮುಂದೆ ದಾರಿಯೇ ಇಲ್ಲವೆಂದು ಹೆದರುವುದನ್ನು ಕಂಡಿದ್ದೇನೆ.

ಉತ್ತರ 3: ಒಳಗೆ ಎರಡು ದೋಣಿಗಳು ಎದುರುಬದುರಾಗಿ ಹಾಯಲು ಜಾಗವಿಲ್ಲ, ಎದುರಿನ ಸಾಲು ಪೂರ್ತಿ ಹೊರಬರುವವರೆಗೆ ಕಾಯಬೇಕಾಗುತ್ತದೆ. ಕೊನೆಯ ಪ್ರವೇಶದ ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ, ಕಾಲುವೆಯನ್ನು ನೋಡಿಕೊಳ್ಳುವ ಸಂಸ್ಥೆಯಾದ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಪ್ರಕಟಣೆಯನ್ನು ನೋಡಿಕೊಳ್ಳಿ. ಪ್ರವೇಶದಲ್ಲಿ ಸುರಂಗದ ಸಿಬ್ಬಂದಿ ನಿಮ್ಮ ದೀಪ ಮತ್ತು ಹಾರ್ನ್ ಪರೀಕ್ಷಿಸಿ, ತೊಂದರೆಯಾದರೆ ಹಾರ್ನ್‌ನಿಂದ ಕೊಡಬೇಕಾದ ಸಂಜ್ಞೆಯನ್ನು ಹೇಳಿಕೊಡುತ್ತಾರೆ. ಅದನ್ನು ಅಪ್ಪನವರೂ ಕೇಳಿಸಿಕೊಳ್ಳಲಿ.