ಟಿಎಂಆರ್ ಸೆನ್ಸರ್ ಸೊನ್ನೆಗೆ ವಾಪಸ್ ಬರುತ್ತಿಲ್ಲ, ಸಹಾಯ ಬೇಕು

ಮನೆಯ ಸೋಲಾರ್ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ನೋಡಲು ವೈರ್‌ನಿಂದ 1 ಸೆಂ.ಮೀ. ದೂರದಲ್ಲಿ ಟಿಎಂಆರ್ ಸೆನ್ಸರ್ (ಕರೆಂಟ್‌ನಿಂದ ಹುಟ್ಟುವ ಕಾಂತಕ್ಷೇತ್ರ ಅಳೆಯುವ ಚಿಪ್) ಕೂರಿಸಿದ್ದೇನೆ. ಅಷ್ಟು ದೂರದಲ್ಲಿ 1 ಆಂಪಿಯರ್‌ಗೆ ಸಿಗುವುದು 20 ಮೈಕ್ರೋಟೆಸ್ಲಾ. ಭೂಮಿಯ ಕಾಂತಕ್ಷೇತ್ರವೇ ಇಲ್ಲಿ ಸುಮಾರು 40! ಲೋಡ್ ಆಫ್ ಇದ್ದಾಗಲೂ ಸುಮ್ನೆ ಬೋರ್ಡ್ ತಿರುಗಿಸಿದರೆ ಸಾಕು, ರೀಡಿಂಗ್ 2 ಆಂಪಿಯರ್ ಆಚೀಚೆ ಓಡಾಡುತ್ತದೆ.

ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದೆ. ಕೋಡ್‌ನಲ್ಲಿ ಸೊನ್ನೆ ಮಾಡಿದೆ. ಎರಡು ದಿನ ಸರಿ ಇತ್ತು. ಆಮೇಲೆ ಮಿಕ್ಸಿ ಹಾಕಿದಾಗ ಇನ್ವರ್ಟರ್ ಒಮ್ಮೆಲೇ 40 ಆಂಪಿಯರ್ ಎಳೆಯಿತು. ಅಲ್ಲಿಂದ ಸೊನ್ನೆ ಅರ್ಧ ಆಂಪಿಯರ್ ಜರುಗಿ ಅಲ್ಲೇ ಕೂತಿದೆ. ಸರಾಸರಿ ತೆಗೆದರೂ ಅಷ್ಟೇ.

ವೈರ್‌ನ ಎರಡೂ ಪಕ್ಕ ಒಂದೊಂದು ಸೆನ್ಸರ್ ಇಟ್ಟು ವ್ಯತ್ಯಾಸ ತೆಗೆದರೆ ಭೂಮಿಯದ್ದು ಕಳೆದುಹೋಗುತ್ತದೆ, ಅಲ್ವಾ? ಆದರೆ ಈ ಹಿಸ್ಟೆರಿಸಿಸ್‌ಗೂ (ದೊಡ್ಡ ಕರೆಂಟ್ ಹೋಗಿ ನಿಂತಮೇಲೂ ಸೆನ್ಸರ್‌ನಲ್ಲಿ ಉಳಿದುಬಿಡುವ ಜರುಗುವಿಕೆಗೂ) ಅದು ಸಾಕಾ? ಇಲ್ಲಾ ವೈರ್ ಸುತ್ತ ಒಂದು ಕಾಂತೀಯ ಕೋರ್ ಹಾಕಿ, ಅದಕ್ಕೆ ಕಾಯಿಲ್ ಸುತ್ತಿ ಕ್ಲೋಸ್ಡ್ ಲೂಪ್ (ಕಾಯಿಲ್‌ನಲ್ಲಿ ಎದುರು ಕರೆಂಟ್ ಹರಿಸಿ ಸೆನ್ಸರ್ ಬಳಿ ಕ್ಷೇತ್ರವನ್ನು ಸದಾ ಸೊನ್ನೆಯಲ್ಲಿಡುವುದು) ಮಾಡಲೇಬೇಕಾ?